ಎತ್ತಿಗೆಷ್ಟು, ಜೂಲಿಗೆಷ್ಟು? ಮಾಡಿಫೈ ಆದ ಹಳೇ ಜೀಪಿಗೆ ಬೆಲೆ ಕಟ್ಟುವ ಮಾತು

(ಮಂಡ್ಯದಲ್ಲಿ ಒಂದು ಭಾನುವಾರ ಸಂಜೆ, ಜೀಪಿನ ಹುಚ್ಚು ಹತ್ತಿಸಿಕೊಂಡ ಗೆಳೆಯರ ಮುಂದೆ ಆಡಿದ ಮಾತಿನ ಬರಹ ರೂಪ.)

ಮೊದಲು ಒಂದು ಫೈಲಿನ ಕಥೆ ಹೇಳುತ್ತೇನೆ. ನೀಲಿ ಫೈಲ್. ಒಳಗೆ ಪ್ಲಾಸ್ಟಿಕ್ ಕವರು, ಒಂದೊಂದು ಕವರಿನಲ್ಲಿ ಒಂದೊಂದು ಬಿಲ್ಲು. ಟೈರಿನದು, ಸ್ನಾರ್ಕಲ್‌ನದು, ಸಸ್ಪೆನ್ಷನ್‌ದು, ಎಲ್‌ಇಡಿ ಲೈಟಿನದು. ಕೊನೆಯಲ್ಲಿ ಒಂದು ಬಿಳಿ ಹಾಳೆಯಲ್ಲಿ ಎಲ್ಲ ಕೂಡಿಸಿ, ಕೆಳಗೆ ಕೆಂಪು ಇಂಕಿನಲ್ಲಿ ಎರಡು ಗೆರೆ ಎಳೆದು 1,85,000 ಅಂತ ಬರೆದಿತ್ತು. 2013ರಲ್ಲಿ ಮೈಸೂರಿನಲ್ಲಿ ನಾನು ಮಾರುತಿಯ ಜೀಪು ಜಿಪ್ಸಿ ಕಿಂಗ್ ತಗೊಂಡಾಗ ಗಾಡಿಗಿಂತ ಮೊದಲು ನನ್ನ ಕೈಗೆ ಬಂದದ್ದು ಈ ಫೈಲು. ಮಾರುವವರು ತುಂಬಾ ಮರ್ಯಾದಸ್ಥರು. ಕಾಫಿ ಕೊಟ್ಟರು. "ಸಾರ್, ಗಾಡಿ ಬೆಲೆ ಬೇರೆ, ಹಾಕಿರೋ ಸಾಮಾನಿನ ಬೆಲೆ ಬೇರೆ, ನೀವೇ ಕೂಡಿಸಿ ನೋಡಿ" ಅಂದರು. ನಾನು ಕೂಡಿಸಿದೆ. ಕೊಟ್ಟೆ. ಆಗ ನಾನು ವಿಮೆ ಸರ್ವೇಯರ್, ದಿನಾ ಜಜ್ಜಿಹೋದ ಗಾಡಿ ನೋಡಿ ನಷ್ಟ ಬರೆಯುವುದೇ ನನ್ನ ಕಸುಬು. ಆದರೂ ಕೊಟ್ಟೆ ನೋಡಿ.

ಎರಡು ತಿಂಗಳಾದ ಮೇಲೆ ಒಬ್ಬ ಮೆಕ್ಯಾನಿಕ್ ಹುಡುಗ ಗಾಡಿ ಸ್ಟಾರ್ಟ್‌ನಲ್ಲಿ ಇಟ್ಟು ಸ್ನಾರ್ಕಲ್ ಬಾಯಿಗೆ ಅಂಗೈ ಒತ್ತಿ ಹಿಡಿದ. ಸ್ನಾರ್ಕಲ್ ಅಂದರೆ ಬಾನೆಟ್ ಪಕ್ಕದಿಂದ ಮೇಲಕ್ಕೆ ಏರಿರುತ್ತಲ್ಲ, ಆ ಕೊಳವೆ. ನೀರಿಗೆ ಇಳಿದಾಗ ಎಂಜಿನ್ ಮೇಲಿನಿಂದ ಉಸಿರಾಡಲಿ ಅಂತ ಇರೋದು. ಎಲ್ಲ ಸರಿಯಾಗಿ ಜೋಡಿಸಿದ್ದರೆ ಬಾಯಿ ಮುಚ್ಚಿದ ತಕ್ಷಣ ಎಂಜಿನ್ ಕೆಮ್ಮಿ ಆಫ್ ಆಗಬೇಕು. ನಮ್ಮದು ಆಫ್ ಆಗಲೇ ಇಲ್ಲ. ಹಾಯಾಗಿ ಓಡುತ್ತಿತ್ತು! ಬಿಚ್ಚಿ ನೋಡಿದರೆ ಕೊಳವೆ ಫೆಂಡರ್ ಒಳಗೆ ಬಂದು ಅಲ್ಲೇ ಮುಗಿದಿದೆ, ಏರ್ ಫಿಲ್ಟರ್ ಡಬ್ಬಿಗೂ ಅದಕ್ಕೂ ನಡುವೆ ಗೇಣುದ್ದ ಖಾಲಿ ಜಾಗ, ಕೊಳವೆ ಬಾಯಲ್ಲಿ ಜೇಡರ ಬಲೆ. ಬಿಲ್ಲು ಸುಳ್ಳಲ್ಲ, ಸ್ನಾರ್ಕಲ್ಲೂ ನಿಜವೇ. ಆದರೆ ನಾನು ದುಡ್ಡು ಕೊಟ್ಟದ್ದು ಜೇಡನ ಮನೆಗೆ.

ನೀವೆಲ್ಲ ನಗುತ್ತಿದ್ದೀರಿ. ನಗಿ, ಪರವಾಗಿಲ್ಲ.

ಈಗ ನಮ್ಮ ಕಡೆ ದನದ ಜಾತ್ರೆ ನೋಡಿದವರು ಎಷ್ಟು ಜನ ಇದ್ದೀರಿ? ಹೇಮಗಿರಿ ಜಾತ್ರೆಗೋ, ಆ ಕಡೆ ತಿ. ನರಸೀಪುರದ ಮುಡುಕುತೊರೆಗೋ ಹೋದವರು? ಸರಿ, ಜಾಸ್ತಿ ಜನ ಇದ್ದೀರಿ. ಅಲ್ಲಿ ಹಳ್ಳಿಕಾರ್ ಜೋಡಿಯನ್ನು ಹೇಗೆ ಸಿಂಗರಿಸಿರುತ್ತಾರೆ ಅಂತ ನಿಮಗೆ ಗೊತ್ತು. ಕೊಂಬಿಗೆ ಕಳಸ, ಕೊರಳಿಗೆ ಗೆಜ್ಜೆ, ಬೆನ್ನಿಗೆ ಹೊದಿಸುವ ಬಟ್ಟೆ, ಅದೇ ಜೂಲು, ಕೆಲವರು ವಾದ್ಯ ಊದಿಸಿಕೊಂಡೇ ಬರುತ್ತಾರೆ. ಆದರೆ ತಗೊಳ್ಳೋಕೆ ಬಂದ ಗೌಡ ಮೊದಲು ಏನು ಮಾಡುತ್ತಾನೆ? ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಎರಡು ಹಲ್ಲೋ, ನಾಲ್ಕೋ, ಬಾಯಿಗೂಡಿದೆಯೋ. ಆಮೇಲೆ ಗೊರಸು, ಸುಳಿ. ಆಮೇಲೆ ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಕೊನೆಗೆ ಟವೆಲ್ ಕೆಳಗೆ ಬೆರಳು ಹಿಡಿದು ವ್ಯಾಪಾರ. ಆ ಬೆರಳಿನ ಲೆಕ್ಕದಲ್ಲಿ ಜೂಲಿನ ಬೆಲೆ ಎಲ್ಲಾದರೂ ಬರುತ್ತಾ? ಮಾರುವವನು ಮನಸ್ಸು ಮಾಡಿದರೆ ಜೂಲನ್ನು ಸುಮ್ನೆ ಕೊಟ್ಟು ಕಳಿಸುತ್ತಾನೆ, ಇಲ್ಲ ಅಂದರೆ ಬಿಚ್ಚಿಕೊಂಡು ಹೋಗುತ್ತಾನೆ, ಅಷ್ಟೇ.

ಅದೇ ಗೌಡನ ಮಗ ಮಾಡಿಫೈ ಆದ ಮಹೀಂದ್ರಾ ಥಾರ್ ನೋಡಲು ಹೋದಾಗ ಮೊದಲು ನೋಡೋದು ಟೈರು. ಆಮೇಲೆ ಸಿಕ್ಕಿಕೊಂಡ ಗಾಡಿ ಎಳೆಯುವ ವಿಂಚು. ಹಲ್ಲು ನೋಡೋದೇ ಇಲ್ಲ.

ಹಾಗಾಗಿ ನನ್ನ ಲೆಕ್ಕ ಹೀಗೆ ಶುರುವಾಗುತ್ತದೆ. ಗಾಡಿ ಮೇಲಿರುವ ಎಲ್ಲ ಸಿಂಗಾರವನ್ನೂ ಮನಸ್ಸಿನಲ್ಲಿ ಬಿಚ್ಚಿ ಹಾಕಿ. ಅದೇ ವರ್ಷದ, ಅದೇ ಮಾಡೆಲಿನ, ಏನೂ ಮುಟ್ಟದ ಗಾಡಿಗೆ ನಮ್ಮ ಕಡೆ ಎಷ್ಟು ಹೇಳುತ್ತಿದ್ದಾರೆ ನೋಡಿ. ಒಂದಲ್ಲ, ಐದಾರು ನೋಡಿ. ಹೇಳುವ ಬೆಲೆಗೂ ಕೊನೆಗೆ ಕೈ ಸೇರುವ ಬೆಲೆಗೂ ಅಂತರ ಇರುತ್ತದೆ, ಹಾಗಾಗಿ ಸ್ವಲ್ಪ ಕೆಳಗೇ ಹಿಡಿಯಿರಿ. ಅದು ನಿಮ್ಮ ಎತ್ತಿನ ಬೆಲೆ. ಉಳಿದದ್ದೆಲ್ಲ ಅದಕ್ಕೆ ಕೂಡಬೇಕೋ ಕಳೆಯಬೇಕೋ ಅನ್ನುವುದೇ ಇವತ್ತಿನ ಮಾತು. ಮಾರುವವರು ಕೂಡೋದನ್ನು ಮಾತ್ರ ಹೇಳಿಕೊಡುತ್ತಾರೆ. ಕಳೆಯೋದು ನಮ್ಮ ಕೆಲಸ.

ಕಳೆಯೋದು ಯಾಕೆ ಅಂತ ಕೇಳಬಹುದು. ಲಿಫ್ಟ್, ಅಂದರೆ ಗಾಡಿಯನ್ನು ಎತ್ತರ ಮಾಡಿಸುವ ವಿಷಯವನ್ನೇ ತಗೊಳ್ಳಿ. ಹಳೇ ಥಾರ್ ಸಿಆರ್‌ಡಿಇ, 2010ರಲ್ಲಿ ಬಂದದ್ದು, ಅದರ ಮುಂದೆ ಟಾರ್ಷನ್ ಬಾರ್, ಅಂದರೆ ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಸರಳು, ಹಿಂದೆ ಪಟ್ಟಿ ಪಟ್ಟಿಯ ಲೀಫ್ ಸ್ಪ್ರಿಂಗ್. ಒಳ್ಳೆ ಕಿಟ್ ಹಾಕಿ ಎರಡಿಂಚು ಎತ್ತುವುದು ಒಂದು ಬಗೆ. ಸ್ಪ್ಯಾನರ್ ತಗೊಂಡು ಟಾರ್ಷನ್ ಬಾರಿನ ಬೋಲ್ಟು ಬಿಗಿ ಮಾಡಿ, ಹಿಂದೆ ಸ್ಪ್ರಿಂಗ್ ತುದಿ ಹಿಡಿಯುವ ಕೊಂಡಿಯನ್ನು, ಅಂದರೆ ಶ್ಯಾಕಲನ್ನು, ಉದ್ದದ್ದು ಹಾಕಿ ಎತ್ತುವುದು ಇನ್ನೊಂದು ಬಗೆ. ನಿಂತು ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ, ಎರಡೂ ಎತ್ತರವೇ, ಎರಡೂ ಫೋಟೋದಲ್ಲಿ ಚೆಂದವೇ. ಎರಡನೆಯದರಲ್ಲಿ ಮುಂದಿನ ಆಕ್ಸಲ್ ಜಾಯಿಂಟುಗಳು ಯಾವಾಗಲೂ ಓರೆಯಾಗಿಯೇ ತಿರುಗುತ್ತಿರುತ್ತವೆ. ರಬ್ಬರ್ ಬೂಟ್ ಹರಿಯುತ್ತದೆ, ಗ್ರೀಸ್ ಹೊರಗೆ ಚಿಮ್ಮುತ್ತದೆ, ಮಣ್ಣು ಒಳಗೆ ಹೋಗುತ್ತದೆ. ಬಾಲ್ ಜಾಯಿಂಟ್ ಬೇಗ ಸವೆಯುತ್ತದೆ. ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಗರಗರ ಅನ್ನುತ್ತದೆ. ಬ್ರೇಕ್ ಹೋಸ್ ಉದ್ದ ಸಾಲದೆ ಎಳೆದು ನಿಂತಿರುತ್ತದೆ, ಅದನ್ನು ಯಾರೂ ನೋಡಿರಲ್ಲ. ಇಂಥ ಲಿಫ್ಟಿಗೆ ನಾನು ಒಂದು ರೂಪಾಯಿ ಕೂಡಲ್ಲ, ಸರಿ ಮಾಡಿಸುವ ಖರ್ಚನ್ನು ಕಳೆಯುತ್ತೇನೆ.

ಟೈರಿಗೆ ಬರೋಣ. ಟೈರಿನ ಪಕ್ಕದಲ್ಲಿ ಡಿಒಟಿ ಅಂತ ಶುರುವಾಗುವ ಒಂದು ಸಾಲು ಇದೆ, ಅದರ ಕೊನೆಯ ನಾಲ್ಕು ಅಂಕಿ ನೋಡಿ. 2319 ಅಂತ ಇದ್ದರೆ 2019ನೇ ಇಸವಿಯ 23ನೇ ವಾರ ತಯಾರಾದದ್ದು. ಗುಬುಟು ಎಷ್ಟು ದಪ್ಪ ಇದ್ದರೂ ರಬ್ಬರಿಗೆ ವಯಸ್ಸು ಇರುತ್ತದೆ. ಬಿಸಿಲಲ್ಲಿ ನಿಂತ ಗಾಡಿಯ ಟೈರಿನ ಪಕ್ಕೆಯಲ್ಲಿ ಸಣ್ಣ ಸಣ್ಣ ಬಿರುಕು ಕಾಣುತ್ತವೆ, ಬೇಸಿಗೆಯಲ್ಲಿ ನಮ್ಮ ಗದ್ದೆ ಒಡೆಯುತ್ತಲ್ಲ ಹಾಗೆ. ಇನ್ನೊಂದು ವಿಷಯ ಇದಕ್ಕಿಂತ ಸ್ವಾರಸ್ಯ. ಆ ಥಾರಿಗೆ ಕಂಪನಿ ಕೊಟ್ಟ ಟೈರು 235/70 ಆರ್16, ಅಂದರೆ ಸುಮಾರು 29 ಇಂಚು ಎತ್ತರ. ಅದರ ಜಾಗದಲ್ಲಿ 33 ಇಂಚಿನದು ಹಾಕಿದ್ದಾರೆ ಅಂದುಕೊಳ್ಳಿ. ಚಕ್ರ ಒಂದು ಸುತ್ತು ತಿರುಗಿದರೆ ಗಾಡಿ ಮೊದಲಿಗಿಂತ ಹೆಚ್ಚು ದೂರ ಹೋಗುತ್ತದೆ, ಆದರೆ ಮೀಟರಿಗೆ ಅದು ಗೊತ್ತಿಲ್ಲ. ಸುಮಾರು ನೂರಕ್ಕೆ 12ರಷ್ಟು ಕಡಿಮೆ ತೋರಿಸುತ್ತದೆ. ದೊಡ್ಡ ಟೈರಿನ ಮೇಲೆ ಓಡಿದ 60,000 ಕಿಲೋಮೀಟರ್ ನಿಜಕ್ಕೂ 68,000 ದಾಟಿರುತ್ತದೆ. ಯಾರೂ ಮೀಟರ್ ತಿರುಗಿಸಿಲ್ಲ, ಆದರೂ ಮೀಟರ್ ಸುಳ್ಳು ಹೇಳುತ್ತಿದೆ! ಜೊತೆಗೆ ಅಷ್ಟು ದೊಡ್ಡ ಚಕ್ರವನ್ನು ಅದೇ ಗೇರು, ಅದೇ ಕ್ಲಚ್ಚು ಎಳೆದಿವೆ. ಅವಕ್ಕೂ ವಯಸ್ಸು ಜಾಸ್ತಿಯಾಗಿರುತ್ತದೆ.

ನೀರಿನ ವಿಷಯ ಬಂದರೆ ನಾನು ಸ್ವಲ್ಪ ನಿಲ್ಲುತ್ತೇನೆ, ಯಾಕಂದರೆ ಕಸುಬಿನಲ್ಲಿ ಇದನ್ನೇ ಜಾಸ್ತಿ ನೋಡಿದ್ದೇನೆ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಆದದ್ದು ನಿಮಗೆ ನೆನಪಿದೆ. ಮಳೆಯಲ್ಲಿ ಮುಳುಗಿದ ಗಾಡಿ, ಹೊಳೆ ದಾಟುವಾಗ ನಿಂತ ಗಾಡಿ, ಎಲ್ಲ ಒಂದಲ್ಲ ಒಂದು ದಿನ ತೊಳೆದು ಪಾಲಿಶ್ ಹಾಕಿಕೊಂಡು ಮಾರುಕಟ್ಟೆಗೆ ಬರುತ್ತವೆ. ಕೊಡಗಿನ ಗಾಡಿ ಅಂದರೆ ಬೇಡ ಅಂತ ನಾನು ಹೇಳುತ್ತಿಲ್ಲ, ಎಸ್ಟೇಟಿನಲ್ಲಿ ಮಗುವಿನ ಥರ ನೋಡಿಕೊಂಡ ಜೀಪುಗಳನ್ನೂ ನೋಡಿದ್ದೇನೆ. ಸೀಟ್ ಬೆಲ್ಟನ್ನು ನಿಧಾನಕ್ಕೆ ಕೊನೇ ತನಕ ಎಳೆಯಿರಿ. ಯಾರೂ ಅಷ್ಟು ದೂರ ಎಳೆದು ತೊಳೆಯಲ್ಲ. ಕೊನೆಯ ಒಂದು ಮೊಳದಲ್ಲಿ ಕಂದು ಗೆರೆ, ಕೈಗೆ ಹತ್ತುವ ಸಣ್ಣ ಮಣ್ಣು ಇದ್ದರೆ ನೀರು ಎಲ್ಲಿವರೆಗೆ ಬಂದಿತ್ತು ಅಂತ ಅದೇ ಹೇಳುತ್ತದೆ. ಆಮೇಲೆ ಆಕ್ಸಲ್ ಹೌಸಿಂಗ್ ಆಯಿಲ್ ಸ್ವಲ್ಪ ಬಿಡಿಸಿ ನೋಡಿ. ಹಾಲು ಹಾಕಿದ ಕಾಫಿ ಬಣ್ಣಕ್ಕೆ ಬಂದಿದ್ದರೆ ಒಳಗೆ ನೀರು ಸೇರಿದೆ. ಸ್ನಾರ್ಕಲ್ ಇದೆ ಅಂತ ಧೈರ್ಯವಾಗಿ ನೀರಿಗೆ ಇಳಿದಿರುತ್ತಾರೆ, ಹೌಸಿಂಗಿಗೆ ಗಾಳಿಯಾಡುವ ಬ್ರೀದರ್ ಪೈಪನ್ನು ಮೇಲಕ್ಕೆ ಎತ್ತಿರಲ್ಲ. ಮೂಗು ಮೇಲಿಟ್ಟು ಬಾಯಿ ತೆರೆದುಕೊಂಡು ಮುಳುಗಿದ ಹಾಗೆ.

ಗಾಡಿ ಕೆಳಗೆ ತೂರಿಕೊಳ್ಳಲೇಬೇಕು. ಬಟ್ಟೆ ಕೊಳೆಯಾಗುತ್ತದೆ ಅನ್ನುವವರು ಮಾಡಿಫೈ ಗಾಡಿ ತಗೊಳ್ಳಬಾರದು. ವಿಂಚ್ ಬಂಪರ್ ಕೂರಿಸಲು ಚಾಸಿಸ್ ತುದಿಯನ್ನು ಕಟ್ ಮಾಡಿ ವೆಲ್ಡ್ ಮಾಡಿದ್ದಾರಾ ನೋಡಿ. ಬೋಲ್ಟ್ ಹಾಕಿದ್ದನ್ನು ನಾಳೆ ಬಿಚ್ಚಬಹುದು, ಕಟ್ ಮಾಡಿದ್ದನ್ನು ವಾಪಸ್ ಅಂಟಿಸೋಕೆ ಆಗಲ್ಲ. ಬೆಲೆ ಕಟ್ಟುವಾಗ ನಾನು ಮೊದಲು ಕೇಳುವ ಪ್ರಶ್ನೆಯೇ ಇದು. ವಾಪಸ್ ಮೊದಲಿನ ಹಾಗೆ ಮಾಡಬಹುದಾ ಇಲ್ವಾ?

ಓಡಿಸಿ ನೋಡೋದನ್ನು ಬೇಗ ಹೇಳಿ ಮುಗಿಸುತ್ತೇನೆ. ಬೆಳಿಗ್ಗೆ ಹೋಗಿ, ಹೋದ ತಕ್ಷಣ ಬಾನೆಟ್ ಮುಟ್ಟಿ, ಬಿಸಿ ಇದ್ದರೆ ನಿಮಗಿಂತ ಮೊದಲೇ ಯಾರೋ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ. ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಮುಂದೆ ಹಿಂದೆ ಹೋಗಿ, ಟಕಟಕ ಶಬ್ದ ಬಂದರೆ ಆಕ್ಸಲ್ ಜಾಯಿಂಟ್ ಕೆಲಸ ಇದೆ. ಫೋರ್ ವೀಲನ್ನು ಟಾರ್ ರಸ್ತೆಯಲ್ಲಿ ಹಾಕಿ ತಿರುಗಿಸಬೇಡಿ, ಈ ಗಾಡಿಗಳಲ್ಲಿ ಮುಂದಿನ ಹಿಂದಿನ ಆಕ್ಸಲ್ ಒಂದಕ್ಕೊಂದು ಬಿಗಿದುಕೊಳ್ಳುತ್ತವೆ. ಆಲೆಮನೆ ಕಡೆ ಹೋಗುವ ಕಬ್ಬಿನ ಗದ್ದೆ ದಾರಿ ಸಾಕು, ಅಲ್ಲಿ ನಾಲ್ಕೂ ಚಕ್ರ ನಿಧಾನಕ್ಕೆ, ಬಲವಾಗಿ ಎಳೆಯುವ ಫೋರ್ ಲೋ ಗೇರು ಹಾಕಿ ಏರು ಹತ್ತಿಸಿ, ಇಳಿಸಿ. ಗೇರು ತಾನಾಗಿಯೇ ಆಚೆ ಹಾರಿದರೆ ಟ್ರಾನ್ಸ್‌ಫರ್ ಕೇಸಿನ, ಅಂದರೆ ಮುಂದಿನ ಹಿಂದಿನ ಆಕ್ಸಲಿಗೆ ಎಳೆತ ಹಂಚುವ ಡಬ್ಬಿಯ ಖರ್ಚು ಬರೆದುಕೊಳ್ಳಿ. ಆಮೇಲೆ ಒಳ್ಳೆ ರಸ್ತೆಯಲ್ಲಿ 60, 70, 80. ನನ್ನ ಜಿಪ್ಸಿ 60ಕ್ಕೆ ಬಂದರೆ ಸಾಕು, ಸ್ಟೀರಿಂಗ್ ಹಿಡಿದ ಕೈಯಿಂದ ಹಲ್ಲಿನವರೆಗೆ ನಡುಗಿಸುತ್ತಿತ್ತು. ಮಾರಿದವರು "ದೊಡ್ಡ ಟೈರ್ ಅಲ್ವಾ ಸಾರ್, ಹಾಗೇ ಇರುತ್ತೆ" ಅಂದಿದ್ದರು. ಹಾಗೇ ಇರಲ್ಲ. ಕಿಂಗ್‌ಪಿನ್ ಬೇರಿಂಗ್ ಹೋಗಿತ್ತು, ಟೈ ರಾಡ್ ಎಂಡ್ ಹೋಗಿತ್ತು.

ಇನ್ನು ಕಾಗದ. ಇಲ್ಲಿ ನೀವು ನನ್ನನ್ನು ಬೈಯಬಹುದು, ಮಜಾ ಹಾಳು ಮಾಡುತ್ತಾನೆ ಅಂತ. ಆದರೂ ಹೇಳಲೇಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿ ಕೊಟ್ಟ, ಆರ್‌ಸಿಯಲ್ಲಿ ಬರೆದ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಕೇರಳದ ಪ್ರಕರಣವೊಂದರಲ್ಲಿ ಇದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಅಂತ ಬಂತು. ಮುಂದಿನ ಬುಲ್ ಬಾರ್, ಕ್ರ್ಯಾಶ್ ಗಾರ್ಡ್ ಬೇಡ ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿತ್ತು. ಈಗ ನೀವೇ ಹೇಳಿ, ಮಾರುವವರು "ಬಂಪರಿಗೆ 40,000 ಸಾರ್" ಅಂದಾಗ ನಾವು ಯಾವುದಕ್ಕೆ ದುಡ್ಡು ಕೊಡುತ್ತಿದ್ದೇವೆ? ತಡೆದು ನಿಲ್ಲಿಸುವ ಪೊಲೀಸಪ್ಪನಿಗೆ ಮೊದಲು ಕಾಣೋದೇ ಆ ಬಂಪರು.

ಹಳೇ ಎಂಎಂ 540, ಮೇಜರ್ ಥರದ ಜೀಪುಗಳಲ್ಲಿ ಇದಕ್ಕಿಂತ ದೊಡ್ಡ ತಲೆನೋವು ಎಂಜಿನ್ ಬದಲಾವಣೆ. ಆರ್‌ಸಿಯಲ್ಲಿ ಒಂದು ಎಂಜಿನ್ ನಂಬರ್, ಬಾನೆಟ್ ಕೆಳಗೆ ಇನ್ನೊಂದು. ಅನುಮತಿ ತಗೊಂಡು ಆರ್‌ಸಿಯಲ್ಲಿ ಬರೆಸಿದ್ದರೆ ಸರಿ. ಇಲ್ಲ ಅಂದರೆ ಎಷ್ಟೇ ಕಡಿಮೆಗೆ ಸಿಕ್ಕರೂ ನಾನು ಮುಟ್ಟಲ್ಲ, ಅದಕ್ಕೆ ಬೆಲೆಯೇ ಇಲ್ಲ. ಚಾಸಿಸ್ ನಂಬರನ್ನು ಕೈಯಿಂದ ಉಜ್ಜಿ, ಟಾರ್ಚ್ ಹಾಕಿ ನೋಡಿ, ಆರ್‌ಸಿಯ ಜೊತೆ ಅಕ್ಷರ ಅಕ್ಷರ ಹೋಲಿಸಿ. ಲೋನ್ ತೀರಿದೆಯಾ, ಅದರ ಗುರುತನ್ನು ಆರ್ಸಿಯಿಂದ ತೆಗೆಸುವ 35ನೇ ಫಾರಂ ಆಗಿದೆಯಾ ಕೇಳಿ. ಮಂಡ್ಯದ ಕೆಎ 11, ಮೈಸೂರಿನ 09, 55, ಕೊಡಗಿನ 12, ಯಾವ ನಂಬರಿನ ಗಾಡಿ ಆದರೂ ಇದು ಒಂದೇ.

15 ವರ್ಷದ ಲೆಕ್ಕವನ್ನು ಜನ ಮರೆಯುತ್ತಾರೆ. ಖಾಸಗಿ ಗಾಡಿಯ ಆರ್‌ಸಿ 15 ವರ್ಷಕ್ಕೆ, ಆಮೇಲೆ ಗಾಡಿಯನ್ನು ಆರ್‌ಟಿಒ ಮುಂದೆ ನಿಲ್ಲಿಸಿ ರಿನ್ಯೂ ಮಾಡಿಸಬೇಕು. 2011ರ ಥಾರಿಗೆ 2026ಕ್ಕೆ 15 ತುಂಬುತ್ತದೆ. ಆವತ್ತು ಅದು ಕಂಪನಿ ಗಾಡಿ ಥರ ಕಾಣಬೇಕು. ಹಳೇ ಬಂಪರ್ ಎಲ್ಲಿ, ಹಳೇ ಚಕ್ರ ಎಲ್ಲಿ? ಗುಜರಿಗೆ ಹೋಗಿದೆ. ಆ ಸಾಮಾನು ಹುಡುಕುವ ಖರ್ಚು, ಕೂಲಿ, ಓಡಾಟ ಎಲ್ಲ ಇವತ್ತಿನ ಬೆಲೆಯಲ್ಲೇ ಕಳೆಯಬೇಕು.

ನನ್ನ ಕಸುಬಿನಿಂದ ಒಂದು ಮಾತು. "ಪಾಲಿಸಿಯಲ್ಲಿ ಐಡಿವಿ ಎಂಟು ಲಕ್ಷ ಇದೆ ನೋಡಿ, ಅಷ್ಟಾದರೂ ಕೊಡಿ" ಅಂತ ಕೆಲವರು ಪಾಲಿಸಿ ತೋರಿಸುತ್ತಾರೆ. ಐಡಿವಿ ಅಂದರೆ ಗಾಡಿ ಪೂರ್ತಿ ಹೋದರೆ ವಿಮೆ ಕಂಪನಿ ಲೆಕ್ಕಕ್ಕೆ ಹಿಡಿಯುವ ಬೆಲೆ. ಅದಕ್ಕೆ ಒಂದು ಪಟ್ಟಿ ಇದೆ, ಆರು ತಿಂಗಳು ದಾಟಿ ಒಂದು ವರ್ಷದವರೆಗೆ ನೂರಕ್ಕೆ 15 ಕಳೆ, ಎರಡಕ್ಕೆ 20, ಮೂರಕ್ಕೆ 30, ನಾಲ್ಕಕ್ಕೆ 40, ಐದಕ್ಕೆ 50. ಐದು ದಾಟಿದ ಮೇಲೆ ಕಂಪನಿಯೂ ಗ್ರಾಹಕರೂ ಒಪ್ಪಿದ ಮೊತ್ತ. ಅದು ವಿಮೆಯ ಲೆಕ್ಕ, ಸಂತೆಯ ಬೆಲೆ ಅಲ್ಲ. ಹಾಕಿಸಿದ ಸಾಮಾನು ಪಾಲಿಸಿಯಲ್ಲಿ ಬೇರೆಯಾಗಿ ಬರೆಸಿಲ್ಲದಿದ್ದರೆ ಅಪಘಾತವಾದಾಗ ಅದಕ್ಕೆ ದುಡ್ಡು ಬರಲ್ಲ. ಬದಲಾವಣೆ ಹೇಳದೇ ಮುಚ್ಚಿಟ್ಟಿದ್ದರೆ ಕ್ಲೇಮಿಗೇ ತಕರಾರು ಬರಬಹುದು. ಕ್ಲೇಮು ಕಡಿಮೆ ಆದಾಗ ಗ್ರಾಹಕರು ಬೈಯೋದು ಸರ್ವೇಯರನ್ನೇ. ಎಷ್ಟು ಬೈಸಿಕೊಂಡಿದ್ದೇನೆ ಅಂತ ನನಗೆ ಗೊತ್ತು.

ಒಂದು ಲೆಕ್ಕ ಹಾಕೋಣ. ಅಂಕಿಗಳು ದಾರಿ ತೋರಿಸೋಕೆ ಮಾತ್ರ, ಇವತ್ತಿನ ದರ ಅಂತ ಹಿಡಿಯಬೇಡಿ. 2016ರ ಥಾರ್ ಸಿಆರ್‌ಡಿಇ. ಏನೂ ಮುಟ್ಟದ ಗಾಡಿಗೆ ನಮ್ಮ ಕಡೆ ಆರೂವರೆ ಲಕ್ಷ ಅಂದುಕೊಳ್ಳಿ. ಮಾರುವವರ ಬಿಲ್ಲು ಹೀಗಿದೆ: ಲಿಫ್ಟ್ 70,000, ಟೈರು ಮತ್ತು ಅಲಾಯ್ 1,10,000, ವಿಂಚ್ ಮತ್ತು ಬಂಪರ್ 80,000, ಲೈಟು 25,000, ಸೀಟು ಮ್ಯೂಸಿಕ್ಕು 35,000. ಒಟ್ಟು 3,20,000. ಎಲ್ಲ ಸೇರಿ 9,70,000, "ನಿಮಗೋಸ್ಕರ" ಒಂಬತ್ತೂವರೆ. ಈಗ ನಾವು. ಲಿಫ್ಟ್ ಒಳ್ಳೆ ಕಿಟ್, ಆದರೆ ಓಡಿದೆ, 25,000. ವಿಂಚ್ ಎಳೆಸಿ ನೋಡಿದ್ದೇವೆ, ಕೆಲಸ ಮಾಡುತ್ತೆ, ಬಿಚ್ಚಿ ಬೇರೆ ಮಾರಬಹುದು, 30,000. ಟೈರಿಗೆ ವಯಸ್ಸಾಗಿದೆ, ಅಲಾಯಿಗೆ ಮಾತ್ರ 20,000. ಲೈಟಿಗೆ 5,000. ಮ್ಯೂಸಿಕ್ಕಿಗೆ ಸೊನ್ನೆ, ಅವರ ಹಾಡು ಅವರಿಗೆ. ಕೂಡಿದ್ದು 80,000. ಕಳೆಯೋದು: ಹೊಸ ಟೈರು 80,000, ಬುಷ್ಷು, ಬಾಲ್ ಜಾಯಿಂಟ್, ಕ್ರಾಸು, ಬ್ರೇಕ್ ಹೋಸ್ ಸೇರಿ 35,000, ಬಂಪರ್ ತೆಗೆದು ಮೊದಲಿನದು ಹಾಕಿಸಿ, ಫ್ಯೂಸೇ ಇಲ್ಲದೆ ಎಳೆದ ಲೈಟಿನ ವೈರು ಸರಿ ಮಾಡಿಸಲು 15,000. ಕಳೆದದ್ದು 1,30,000. ಉಳಿದದ್ದು ಆರು ಲಕ್ಷ. ಸಿಂಗಾರ ಇಲ್ಲದ ಗಾಡಿಗಿಂತ ಐವತ್ತು ಸಾವಿರ ಕಡಿಮೆ!

ಮಾರುವವರಿಗೆ ಸಿಟ್ಟು ಬರುತ್ತದೆ. ಬರಲಿ, ಅವರ ಕಷ್ಟವೂ ನಿಜ. ಮೂರು ವರ್ಷದ ಸಂಬಳ ಸುರಿದು ಪ್ರೀತಿಯಿಂದ ಕಟ್ಟಿದ ಗಾಡಿ ಅದು. ಆದರೆ ಆ ಪ್ರೀತಿಯ ಸುಖ ಅವರು ಆಗಲೇ ಅನುಭವಿಸಿದ್ದಾರೆ, ಅದರ ಬಿಲ್ಲು ನಾವು ಯಾಕೆ ಕಟ್ಟಬೇಕು?

ಇದೇ ಗಾಡಿಗೆ ಇನ್ನೊಬ್ಬರು ಏಳು ಲಕ್ಷ ಕೊಟ್ಟರೆ ಮೋಸಹೋದರು ಅಂತ ನಾನು ಹೇಳಲ್ಲ. ಸಕಲೇಶಪುರದ ಕಡೆ ತೋಟ ಇರುವವರು, ಮಳೆಗಾಲದಲ್ಲಿ ದಿನಾ ಕೆಸರಿಗೆ ಇಳಿಯುವವರು, ಲಿಫ್ಟೂ ವಿಂಚೂ ಹೇಗೂ ಹಾಕಿಸುವವರೇ ಆಗಿದ್ದರೆ ಅವರಿಗೆ ಹೊಸದಕ್ಕಿಂತ ಅರ್ಧ ಬೆಲೆಯಲ್ಲಿ ಆಯಿತಲ್ಲ. ವಾರಕ್ಕೊಮ್ಮೆ ಮೈಸೂರಿಗೆ ಹೋಗಿ ಬರುವ ನಮಗೆ ಆ ವಿಂಚು ಮೂಗಿನ ಮೇಲಿನ ಭಾರ, ಅಷ್ಟೇ.

ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು, "ಅಣ್ಣ, ನಾನು ಮಾರುವ ಕಡೆಯವನು, ನನಗೇನು ಹೇಳುತ್ತೀರಿ?" ಅಂತ. ಒಳ್ಳೆ ಪ್ರಶ್ನೆ. ಬಿಚ್ಚಿದ ಸಾಮಾನು ಅಟ್ಟದ ಮೇಲೆ ಇಟ್ಟಿದ್ದೀರಾ? ಇಟ್ಟಿದ್ದರೆ ನೀವು ಗೆದ್ದಿರಿ. ಗಾಡಿಯನ್ನು ಮೊದಲಿನ ಹಾಗೆ ಮಾಡಿ ಅದಕ್ಕೊಂದು ಬೆಲೆ, ವಿಂಚು ಚಕ್ರ ಬೇರೆ ಮಾರಿ ಅದಕ್ಕೊಂದು ಬೆಲೆ ತಗೊಳ್ಳಿ. ಅದು ನಿಮ್ಮ ಕೈಲಿರುವ ಇನ್ನೊಂದು ದಾರಿ, ಹಾಗಾಗಿ ಅದಕ್ಕಿಂತ ಕೆಳಗೆ ನೀವು ಇಳಿಯಬೇಕಿಲ್ಲ. ತಗೊಳ್ಳುವವರಿಗೂ ಇದೇ ಮಾತು. ಆ ಆರು ಲಕ್ಷದ ಗಾಡಿಯ ಜೊತೆ ಕಂಪನಿ ಸ್ಪ್ರಿಂಗು, ಬಂಪರು, ಐದು ಚಕ್ರ ಗೋಣಿಚೀಲದಲ್ಲಿ ಕಟ್ಟಿ ಕೊಟ್ಟರೆ ನಾನು ಇನ್ನೂ 40,000 ಹತ್ತುತ್ತೇನೆ. ಬಿಲ್ಲಿನ ಫೈಲಿಗಿಂತ ಆ ಗೋಣಿಚೀಲಕ್ಕೆ ಬೆಲೆ ಜಾಸ್ತಿ.

ನನ್ನ ಜಿಪ್ಸಿ ಇನ್ನೂ ನನ್ನ ಹತ್ತಿರವೇ ಇದೆ, ಇವತ್ತು ಅದರಲ್ಲೇ ಬಂದೆ, ಗೇಟಿನ ಹತ್ತಿರ ನಿಲ್ಲಿಸಿದ್ದೇನೆ. ಟೀ ಕುಡಿದ ಮೇಲೆ ಬೇಕಾದವರು ಸ್ಟಾರ್ಟ್ ಮಾಡಿ ಸ್ನಾರ್ಕಲ್ ಬಾಯಿಗೆ ಕೈ ಒತ್ತಿ ನೋಡಿ. ಈಗ ಆಫ್ ಆಗುತ್ತೆ.